ಬ್ರೂಕ್ ಆಸ್ಟರ್ ತಾವೇ ಸಹಿ ಹಾಕಿದ್ದರು, ಆದರೂ ಮಗ ಜೈಲಿಗೆ ಹೋದದ್ದೇಕೆ?

ಓದುಗರ ಪ್ರಶ್ನೆ: "ವಕೀಲರೇ, ನಾನು ಮೈಸೂರಿನವನು. ವಯಸ್ಸು 61. ಅಮ್ಮನಿಗೆ 86. ಎರಡು ವರ್ಷದ ಹಿಂದೆ ಡಾಕ್ಟರು ಅಲ್ಝೈಮರ್ ಅಂದರು. ಅಮ್ಮನ ಪೆನ್ಷನ್, ಔಟ್‌ಹೌಸಿನ ಬಾಡಿಗೆ, ಎಫ್‌ಡಿ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಕಾಯಿಲೆಗೆ ಮುಂಚೆಯೇ ಅವರು ನನ್ನ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದಾರೆ. ಹೋದ ವಾರ ನ್ಯೂಜೆರ್ಸಿಯಲ್ಲಿರುವ ತಂಗಿ, ಬ್ರೂಕ್ ಆಸ್ಟರ್ ಎಂಬ ಅಮೆರಿಕದ ಶ್ರೀಮಂತ ಮಹಿಳೆಯ ಕಥೆಯನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ನೂರು ದಾಟಿದ ತಾಯಿಯನ್ನು ಮಗ ಉಪವಾಸ ಕೆಡವಿದನಂತೆ, ಆಸ್ತಿ ಬರೆಸಿಕೊಂಡನಂತೆ, ಜೈಲಲ್ಲೇ ಸತ್ತನಂತೆ. ಕೆಳಗೆ 'ಎಲ್ಲರೂ ಓದಿ' ಅಂತ ಒಂದು ಸಾಲು. ಯಾರಿಗೆ ಹೇಳಿದ್ದು ಅಂತ ನನಗೆ ಅರ್ಥವಾಯಿತು. ಇದರಲ್ಲಿ ನಿಜ ಎಷ್ಟು? ಆಕೆಯೇ ಸಹಿ ಹಾಕಿದ್ದರೆ ಅದು ಅಪರಾಧ ಹೇಗಾಯಿತು? ಒಬ್ಬನೇ ಮಗ, ಇವತ್ತಲ್ಲ ನಾಳೆ ಅವನಿಗೇ ಬರುವ ಆಸ್ತಿ, ತೆಗೆದುಕೊಂಡರೆ ಕಳ್ಳತನ ಹೇಗೆ? ನಾನು ಮಾಡುತ್ತಿರುವುದರಲ್ಲಿ ಏನಾದರೂ ತಪ್ಪಿದೆಯಾ?"

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಭಯ ಮಾತ್ರ ಒಂದೇ. ಅಮ್ಮನ ದುಡ್ಡು ಮುಟ್ಟಿದ ತಪ್ಪಿಗೆ ಕೊನೆಗೆ ನನಗೇ ಕಳ್ಳ ಅನ್ನೋ ಹೆಸರು ಬರುತ್ತದಾ ಅಂತ. ವಿಲ್ಲು, ಪಾಲು ಪಾರೀಕತ್ತಿನ ಕೇಸುಗಳನ್ನೇ ಜಾಸ್ತಿ ನೋಡುವ ನನಗೆ ಈ ಭಯ ಹೊಸದಲ್ಲ. ಮನೆಯಲ್ಲಿ ಉಳಿದು ನೋಡಿಕೊಂಡವರ ಮೇಲೇ ಅನುಮಾನ ಮೊದಲು ಬೀಳುತ್ತದೆ. ದೂರ ಇರುವವರು ಏನನ್ನೂ ಮುಟ್ಟಿರುವುದಿಲ್ಲ, ಹಾಗಾಗಿ ಅವರನ್ನು ಯಾರೂ ಕೇಳುವುದಿಲ್ಲ.

ಆಸ್ಟರ್ ಪ್ರಕರಣವನ್ನು ನಮ್ಮ ಜೂನಿಯರ್‌ಗಳಿಗೆ ನಾನು ತಪ್ಪದೆ ಓದಿಸುತ್ತೇನೆ. ಅಲ್ಲಿ ನಡೆದದ್ದು ನಿಮ್ಮ ಗ್ರೂಪಿಗೆ ಬಂದ ಕಥೆಗಿಂತ ಬೇರೆ. ಹೇಳಬೇಕೆಂದರೆ ಅಷ್ಟು ಘೋರವೂ ಅಲ್ಲ. ಆದರೆ ನಿಮ್ಮಂಥವರಿಗೆ ಕೆಲಸಕ್ಕೆ ಬರುವುದು ಅಸಲಿ ಕಥೆಯೇ.

ಮೊದಲು ಆಕೆ ಯಾರು ಅಂತ ನೋಡೋಣ. ಬ್ರೂಕ್ ರಸೆಲ್ ಹುಟ್ಟಿದ್ದು 1902ರ ಮಾರ್ಚ್ 30ರಂದು, ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ನಲ್ಲಿ. ಅಪ್ಪ ಅಮೆರಿಕದ ಮರೀನ್ ಪಡೆಯ ಅಧಿಕಾರಿ, ಮುಂದೆ ಆ ಪಡೆಗೇ ಮುಖ್ಯಸ್ಥರಾದವರು. ಒಬ್ಬಳೇ ಮಗಳು. ಬಾಲ್ಯದ ಒಂದು ಭಾಗ ಕಳೆದದ್ದು ಚೀನಾದ ಪೀಕಿಂಗ್‌ನಲ್ಲಿ. ಅಂದರೆ ಹುಟ್ಟು ಶ್ರೀಮಂತೆಯೇನಲ್ಲ, ಸಂಬಳದ ಮನೆಯ ಹುಡುಗಿ. ಹದಿನೇಳಕ್ಕೆ ಡ್ರೈಡನ್ ಕ್ಯೂಸರ್ ಎಂಬ ಸಾಹುಕಾರರ ಮನೆಯ ಹುಡುಗನ ಜೊತೆ ಮದುವೆಯಾಯಿತು. ಆತ ಕುಡುಕ, ಹೊಡೆಯುವವನು. ಹೊಟ್ಟೆಯಲ್ಲಿ ಮಗು ಇದ್ದಾಗ ಆಕೆಯ ದವಡೆ ಮುರಿಯುವ ಹಾಗೆ ಹೊಡೆದಿದ್ದ. ಆ ಮಗುವೇ 1924ರಲ್ಲಿ ಹುಟ್ಟಿದ ಆಂಟನಿ, ಮನೆಯವರ ಬಾಯಲ್ಲಿ ಟೋನಿ. 1930ರಲ್ಲಿ ಡೈವೋರ್ಸ್. ಆಮೇಲೆ ಚಾರ್ಲ್ಸ್ ಮಾರ್ಷಲ್ ಎಂಬ ಷೇರು ದಲ್ಲಾಳಿಯನ್ನು ಮದುವೆಯಾದರು. ಬ್ರೂಕ್ ನಿಜವಾಗಿ ಪ್ರೀತಿಸಿದ್ದು ಇವನನ್ನೇ ಅಂತ ಹೇಳುತ್ತಾರೆ. ಟೋನಿಯೂ ದೊಡ್ಡವನಾದ ಮೇಲೆ ಹುಟ್ಟಿಸಿದ ಅಪ್ಪನ ಹೆಸರು ಬಿಟ್ಟು ಮಾರ್ಷಲ್ ಅಂತಲೇ ಇಟ್ಟುಕೊಂಡ. 1952ರಲ್ಲಿ ಚಾರ್ಲ್ಸ್ ತೀರಿಕೊಂಡ. ವರ್ಷ ತುಂಬುವುದರೊಳಗೆ, 1953ರ ಅಕ್ಟೋಬರಿನಲ್ಲಿ, ಮೂರನೇ ಮದುವೆ. ಈ ಸಲದ ಗಂಡ ವಿನ್ಸೆಂಟ್ ಆಸ್ಟರ್.

ಆಸ್ಟರ್ ಮನೆತನದ ದುಡ್ಡು ಹಳೇ ದುಡ್ಡು. ಜರ್ಮನಿಯ ವಾಲ್ಡಾರ್ಫ್‌ನಿಂದ ಬಂದ ಜಾನ್ ಜೇಕಬ್ ಆಸ್ಟರ್ ಪ್ರಾಣಿಗಳ ತುಪ್ಪಳದ ವ್ಯಾಪಾರದಲ್ಲಿ ಗಳಿಸಿ, ಗಳಿಸಿದ್ದನ್ನು ನ್ಯೂಯಾರ್ಕಿನ ಜಾಗದ ಮೇಲೆ ಹಾಕಿದ. ಊರು ಬೆಳೆಯಿತು, ಜಾಗದ ಬೆಲೆಯೂ ಬೆಳೆಯಿತು. ಬೆಂಗಳೂರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿನ್ಸೆಂಟನ ಅಪ್ಪ 1912ರಲ್ಲಿ ಟೈಟಾನಿಕ್ ಹಡಗಿನ ಜೊತೆ ಮುಳುಗಿದಾಗ ಮಗನಿಗೆ ಇಪ್ಪತ್ತು. ಓದು ಬಿಟ್ಟು ಬಂದು ಆಸ್ತಿಗೆ ಒಡೆಯನಾದ. ಸಿಡುಕ, ಯಾರನ್ನೂ ಸುಲಭಕ್ಕೆ ನಂಬದವನು. 1959ರಲ್ಲಿ ತೀರಿಕೊಂಡಾಗ ಸುಮಾರು 6 ಕೋಟಿ ಡಾಲರನ್ನು ತನ್ನ ಹೆಸರಿನ ಫೌಂಡೇಷನ್‌ಗೆ ಬಿಟ್ಟಿದ್ದ. ಹೆಚ್ಚುಕಡಿಮೆ ಅಷ್ಟನ್ನೇ ಹೆಂಡತಿಗೆ ಆದಾಯ ಬರುವಂತೆ ಟ್ರಸ್ಟಿಗೆ ಹಾಕಿದ್ದ.

ಇಲ್ಲಿ ಒಂದು ವಿಷಯ ಇದೆ, ವಾಟ್ಸಾಪ್ ಕಥೆಗಳಲ್ಲಿ ಅದು ಬರುವುದೇ ಇಲ್ಲ. ವಿನ್ಸೆಂಟನಿಗೆ ಒಬ್ಬ ಮಲತಮ್ಮ ಇದ್ದ. ಟೈಟಾನಿಕ್ ದುರಂತವಾದ ನಾಲ್ಕು ತಿಂಗಳಿಗೆ ಹುಟ್ಟಿದವನು. ಈ ವಿಲ್ ಮಾಡುವಾಗ ಅಣ್ಣನ ಮನಸ್ಸು ಸ್ಥಿಮಿತದಲ್ಲಿರಲಿಲ್ಲ ಅಂತ ಅವನು ಕೋರ್ಟಿಗೆ ಹೋದ. ಕೊನೆಗೆ ಎರಡೂವರೆ ಲಕ್ಷ ಡಾಲರಿಗೆ ರಾಜಿಯಾಯಿತು. ಅಂದರೆ ಬ್ರೂಕ್ ಆಸ್ಟರ್ ಶ್ರೀಮಂತೆಯಾದದ್ದೇ ಇಂಥದ್ದೊಂದು ತಗಾದೆ ದಾಟಿಕೊಂಡು. ಸುಮಾರು ಐವತ್ತು ವರ್ಷದ ಮೇಲೆ ಅದೇ ಪ್ರಶ್ನೆ ಆಕೆಯ ಸಹಿಯ ಮೇಲೂ ಎದ್ದಿತು.

ಆ ಐವತ್ತು ವರ್ಷ ಆಕೆ ಸುಮ್ನೆ ಕೂತಿರಲಿಲ್ಲ. ಫೌಂಡೇಷನ್ನನ್ನು ತಾವೇ ನಡೆಸಿದರು. 1997ರಲ್ಲಿ ಅದನ್ನು ಮುಚ್ಚುವ ಹೊತ್ತಿಗೆ ಕೊಟ್ಟದ್ದು ಸುಮಾರು 19.5 ಕೋಟಿ ಡಾಲರ್. ಬಹುಪಾಲು ನ್ಯೂಯಾರ್ಕಿಗೇ. ಪಬ್ಲಿಕ್ ಲೈಬ್ರರಿ, ಮೆಟ್ರೊಪಾಲಿಟನ್ ಮ್ಯೂಸಿಯಂ, ಬ್ರಾಂಕ್ಸ್ ಝೂ. ಇವೆಲ್ಲ ದೊಡ್ಡ ಹೆಸರುಗಳಾದವು. ಬಡವರ ಬೀದಿಯ ಸಣ್ಣಪುಟ್ಟ ಸಂಸ್ಥೆಗಳಿಗೂ ಕೊಟ್ಟರು. ದುಡ್ಡು ಕೊಡುವ ಮುಂಚೆ ಟೋಪಿ, ಮುತ್ತಿನ ಸರ, ಕೈಗವಸು ಹಾಕಿಕೊಂಡು ಆ ಜಾಗಕ್ಕೆ ತಾವೇ ಹೋಗಿ ನೋಡಿ ಬರುತ್ತಿದ್ದರು. 1998ರಲ್ಲಿ ಅಮೆರಿಕದ ಅತಿ ದೊಡ್ಡ ನಾಗರಿಕ ಗೌರವ, ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಬಂತು. ನೂರನೇ ಹುಟ್ಟುಹಬ್ಬದ ಔತಣ ಇಟ್ಟುಕೊಂಡದ್ದು ಹೆಸರಾಂತ ಬ್ಯಾಂಕರ್ ಡೇವಿಡ್ ರಾಕ್‌ಫೆಲರ್. ಇಂಥ ಸ್ನೇಹಿತರು ಇದ್ದದ್ದರಿಂದಲೇ ಮುಂದೆ ಈ ಕೇಸು ಆ ಮಟ್ಟಕ್ಕೆ ಹೋಯಿತು ಅಂತ ನನ್ನ ಎಣಿಕೆ.

ಇನ್ನು ಮಗ. ಟೋನಿ ಪೋಲಿ ಮಗ ಅಂತ ಅಂದುಕೊಂಡಿದ್ದರೆ ಅದು ತಪ್ಪು. ಎರಡನೇ ಮಹಾಯುದ್ಧದಲ್ಲಿ ಇವೋ ಜಿಮಾದಲ್ಲಿ ಹೋರಾಡಿ ಗಾಯಗೊಂಡವನು. ಕೀನ್ಯಾ, ಮಡಗಾಸ್ಕರ್, ಟ್ರಿನಿಡಾಡ್‌ಗಳಲ್ಲಿ ಅಮೆರಿಕದ ರಾಯಭಾರಿಯಾಗಿದ್ದವನು. ಆಮೇಲೆ ವರ್ಷಾನುಗಟ್ಟಲೆ ತಾಯಿಯ ಹಣಕಾಸು ನೋಡಿಕೊಂಡ. ಅದಕ್ಕೆ ಸಂಬಳವೂ ಇತ್ತು. ನೋಡಿಕೊಂಡ ಕಾಲದಲ್ಲಿ ಆಸ್ತಿ ಬೆಳೆದದ್ದೂ ನಿಜ. ಆದರೆ ತಾಯಿ ಮಗನ ನಡುವೆ ಸಲಿಗೆ ಯಾವತ್ತೂ ಅಷ್ಟಕ್ಕಷ್ಟೇ. ಚಿಕ್ಕಂದಿನಲ್ಲೇ ಹಾಸ್ಟೆಲ್ ಶಾಲೆಗೆ ಕಳಿಸಿದ್ದರು. ಅವನ ಮೂರನೇ ಹೆಂಡತಿ ಶಾರ್ಲೀನ್ ಕಂಡರೆ ಬ್ರೂಕ್‌ಗೆ ಆಗುತ್ತಿರಲಿಲ್ಲ. ಅವನಿಗಿಂತ ಇಪ್ಪತ್ತೊಂದು ವರ್ಷ ಚಿಕ್ಕವಳು. ಈ ವಯಸ್ಸಿನ ಅಂತರ ನೆನಪಿಟ್ಟುಕೊಳ್ಳಿ.

ಈಗ ನಿಮ್ಮ ಮೊದಲ ಪ್ರಶ್ನೆ, ಉಪವಾಸ ಕೆಡವಿದ ಕಥೆ.

2006ರ ಜುಲೈನಲ್ಲಿ ಮೊಮ್ಮಗ ಫಿಲಿಪ್ ಮಾರ್ಷಲ್, ಅಂದರೆ ಟೋನಿಯ ಸ್ವಂತ ಮಗ, ಅಪ್ಪನ ವಿರುದ್ಧ ಅರ್ಜಿ ಹಾಕಿದ. ಅಜ್ಜಿಗೆ ಬೇರೆ ಗಾರ್ಡಿಯನ್ ಬೇಕು ಅಂತ ಕೇಳಿದ. ರಾಕ್‌ಫೆಲರ್, ಅಮೆರಿಕದ ಮಾಜಿ ವಿದೇಶಾಂಗ ಸಚಿವ ಹೆನ್ರಿ ಕಿಸಿಂಜರ್, ಬ್ರೂಕ್ ಅವರ ಸ್ನೇಹಿತೆ ಆನೆಟ್ ಡೆ ಲಾ ರೆಂಟಾ ಅಫಿಡವಿಟ್ ಕೊಟ್ಟು ಬೆನ್ನಿಗೆ ನಿಂತರು. ಅರ್ಜಿಯಲ್ಲಿದ್ದ ಮಾತು ಕೇಳಿದರೆ ಯಾರಿಗೂ ಸಂಕಟವಾಗುತ್ತದೆ. ಅಜ್ಜಿ ಹರಿದ ನೈಟಿಯಲ್ಲಿರುತ್ತಾರೆ, ಮೂತ್ರದ ವಾಸನೆ ಹೊಡೆಯುವ ಸೋಫಾದ ಮೇಲೆ ಮಲಗುತ್ತಾರೆ, ಔಷಧ ಕಡಿಮೆ ಮಾಡಿದ್ದಾರೆ, ಮುದ್ದಿನ ನಾಯಿಗಳನ್ನು ಕೂಡಿಹಾಕಿದ್ದಾರೆ, ಆಕೆಗೆ ಇಷ್ಟವಾದ ಹಾಲಿ ಹಿಲ್ ಎಂಬ ಊರಾಚೆಯ ಮನೆಗೆ ಹೋಗಲು ಬಿಡುತ್ತಿಲ್ಲ. ಅರ್ಜಿ ಪತ್ರಿಕೆಗೆ ಸಿಕ್ಕಿತು, ಮುಖಪುಟದ ಸುದ್ದಿಯಾಯಿತು. ಲೋಕದ ಪಾಲಿಗೆ ತೀರ್ಪು ಅವತ್ತೇ ಬಂದಾಯಿತು.

ಕೋರ್ಟಿನಲ್ಲಿ ಆದದ್ದು ಬೇರೆ. ವಿಚಾರಣೆಗೆ ಮೊದಲೇ, ಅಕ್ಟೋಬರಿನಲ್ಲಿ, ಎರಡೂ ಕಡೆಯವರು ರಾಜಿಯಾದರು. ಆನೆಟ್ ಡೆ ಲಾ ರೆಂಟಾ ಆಕೆಯ ಗಾರ್ಡಿಯನ್ ಆದರು. ಹಣಕಾಸು ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನ ಕೈಗೆ ಹೋಯಿತು. ಡಿಸೆಂಬರಿನಲ್ಲಿ ವಕೀಲರ ಫೀಸು ಯಾರು ಕೊಡಬೇಕು ಅನ್ನೋ ಆದೇಶ ಬರೆಯುತ್ತಾ ಜಡ್ಜ್ ಒಂದು ಮಾತು ಸ್ಪಷ್ಟವಾಗಿ ಬರೆದರು: ಬೇಕೆಂದೇ ಹಿಂಸೆ ಕೊಟ್ಟರು ಅನ್ನೋ ಆರೋಪಗಳಿಗೆ ಆಧಾರ ಸಿಕ್ಕಿಲ್ಲ. ಆಮೇಲೆ ನಡೆದ ಕ್ರಿಮಿನಲ್ ಕೇಸಿನಲ್ಲೂ ಊಟ, ಔಷಧ, ಸೋಫಾ ಆರೋಪಪಟ್ಟಿಯಲ್ಲಿ ಇರಲಿಲ್ಲ. ಅದು ಪೂರಾ ಹಣದ, ಕಾಗದದ ಕೇಸು.

ಹಾಗಂತ ಮೊಮ್ಮಗ ಸುಳ್ಳು ಹೇಳಿದ ಅಂತಲೂ ಅಲ್ಲ. ಆಕೆ ಮತ್ತೆ ಹಾಲಿ ಹಿಲ್‌ಗೆ ಹೋದರು. 2007ರ ಆಗಸ್ಟ್ 13ರಂದು ಅಲ್ಲೇ ತೀರಿಕೊಂಡರು, 105ನೇ ವಯಸ್ಸಿನಲ್ಲಿ. ಗಾರ್ಡಿಯನ್ ಬಂದದ್ದರಿಂದ ಕೊನೆಯ ವರ್ಷ ನೆಮ್ಮದಿಯಾಗಿ ಕಳೆಯಿತು ಅಂತಲೇ ಹತ್ತಿರದವರು ಹೇಳಿದ್ದು. ನನ್ನ ವೃತ್ತಿಯಲ್ಲಿ ಕಂಡ ಮಾತು ಹೇಳುತ್ತೇನೆ. ಒಳ್ಳೆಯ ಉದ್ದೇಶದ ಅರ್ಜಿಯಲ್ಲೂ ಬಣ್ಣ ಸ್ವಲ್ಪ ಜಾಸ್ತಿಯೇ ಬಳಿದಿರುತ್ತಾರೆ. ಮೆತ್ತಗೆ ಬರೆದರೆ ಕೋರ್ಟ್ ತುರ್ತಾಗಿ ತೆಗೆದುಕೊಳ್ಳುವುದಿಲ್ಲ ಅನ್ನೋ ಆತಂಕ. ಆಮೇಲೆ ಅದೇ ಸುದ್ದಿಯಾಗಿ ಉಳಿದುಬಿಡುತ್ತದೆ.

ಹಣಕಾಸು ಬ್ಯಾಂಕಿನ ಕೈಗೆ ಬಂದ ಮೇಲೆ ಹಳೆಯ ಕಾಗದಪತ್ರ ತೆಗೆದು ನೋಡಿದರು. ನಿಜವಾದ ಕೇಸು ಹುಟ್ಟಿದ್ದು ಅಲ್ಲಿ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

2002ರ ಜನವರಿಯಲ್ಲಿ ಬ್ರೂಕ್ ಒಂದು ವಿಲ್ ಮಾಡಿದ್ದರು. ಮಗನಿಗೆ ಬದುಕಿರುವವರೆಗೂ ಧಾರಾಳವಾಗಿ ಆದಾಯ ಬರಬೇಕು, ಅವನ ನಂತರ ಹೆಚ್ಚಿನ ಭಾಗ ಲೈಬ್ರರಿ, ಮ್ಯೂಸಿಯಂ ಮೊದಲಾದವಕ್ಕೆ ಹೋಗಬೇಕು ಅಂತ. ಆಮೇಲೆ ಅದಕ್ಕೆ ಮೂರು ತಿದ್ದುಪಡಿಗಳು ಬಂದವು. ಕಾನೂನಿನಲ್ಲಿ ಕೋಡಿಸಿಲ್ ಅಂತೀವಿ. ಮೊದಲನೆಯದು 2003ರ ಡಿಸೆಂಬರ್, ಎರಡನೆಯದು 2004ರ ಜನವರಿ, ಮೂರನೆಯದು ಅದೇ ವರ್ಷದ ಮಾರ್ಚ್. ಒಂದೊಂದರಲ್ಲೂ ದತ್ತಿಗೆ ಹೋಗಬೇಕಾದದ್ದು ಮಗನ ಕಡೆ ವಾಲುತ್ತಾ ಬಂತು. ಎರಡನೆಯ ತಿದ್ದುಪಡಿಯ ಹೊತ್ತಿಗೆ ಹಳೆಯ ವಕೀಲರು ಹೊರಗೆ, ಫ್ರಾನ್ಸಿಸ್ ಮೊರಿಸ್ಸಿ ಎಂಬ ಹೊಸ ವಕೀಲ ಒಳಗೆ. ಮೂರನೆಯದರಲ್ಲಿದ್ದ ಸಹಿ ಆಕೆಯದ್ದೇ ಅಲ್ಲ, ಮೊರಿಸ್ಸಿ ಮಾಡಿದ ನಕಲಿ ಅಂತ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ ತಂಡ, ತೀರ್ಮಾನಿಸಿತು. ಹಾಗಾಗಿ "ಆಕೆಯೇ ಸಹಿ ಹಾಕಿದ್ದರು" ಅನ್ನೋದು ಮೊದಲ ಎರಡಕ್ಕೆ ಮಾತ್ರ ಸಲ್ಲುತ್ತದೆ.

ಆ ಎರಡರಲ್ಲಿ ತಪ್ಪೇನು? ಆಕೆಗೆ ಅಲ್ಝೈಮರ್ ಇತ್ತು, ಆದ್ದರಿಂದ ಸಹಿ ರದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ, ಅಲ್ಲೂ ಇಲ್ಲ, ಇಲ್ಲೂ ಇಲ್ಲ. ವಿಲ್ ಮಾಡುವವರಿಗೆ ಬೇಕಾದ ತಿಳಿವಳಿಕೆಯ ಮಟ್ಟ ಅಂಥ ದೊಡ್ಡದೇನಲ್ಲ. ನನ್ನ ಹತ್ತಿರ ಏನೇನಿದೆ, ನನ್ನವರು ಯಾರು, ಈ ಕಾಗದದಿಂದ ಯಾರಿಗೆ ಏನು ಹೋಗುತ್ತದೆ, ಇಷ್ಟು ಗೊತ್ತಿದ್ದರೆ ಸಾಕು. ಬೆಳಿಗ್ಗೆ ತಿಂದದ್ದು ನೆನಪಿಲ್ಲದವರೂ ಒಳ್ಳೆಯ ದಿನ ಇದನ್ನು ಸರಿಯಾಗಿ ಹೇಳಬಲ್ಲರು. ಟೋನಿಯ ವಕೀಲರ ವಾದವೂ ಇದೇ ದಾರಿಯದು. ವಯಸ್ಸಾದ ತಾಯಿಗೆ ಕೊನೆಗಾಲದಲ್ಲಿ ಮಗನ ಮೇಲೆ ಮಮತೆ ಬಂತು, ಬದಲಾಯಿಸಿದರು, ತಪ್ಪೇನು?

ಈ ವಾದವನ್ನು ಕೆಡಿಸಿದ್ದು ಟೋನಿ ತಾನೇ ಬರೆದ ಒಂದು ಪತ್ರ. 2000ದ ಡಿಸೆಂಬರಿನಲ್ಲಿ, ಅಂದರೆ ಮೊದಲ ತಿದ್ದುಪಡಿಗೆ ಮೂರು ವರ್ಷ ಮುಂಚೆ, ಅವನು ತಾಯಿಯ ಡಾಕ್ಟರಿಗೆ ಬರೆದಿದ್ದ. ಅಮ್ಮನ ನೆನಪು ಹೇಗೆ ಕೈಕೊಡುತ್ತಿದೆ, ಎಷ್ಟು ಗೊಂದಲವಾಗುತ್ತಿದೆ ಅಂತ ಒಂದೊಂದಾಗಿ. ಬರೆದದ್ದು ಕಾಳಜಿಯಿಂದಲೇ ಇರಬೇಕು. ತಾಯಿಯ ಕಾಯಿಲೆ ಏನು ಅಂತ ತಿಳಿಯಲು ಬರೆದ ಕಾಗದ ಅದು. ಒಂಬತ್ತು ವರ್ಷದ ಮೇಲೆ ಸರ್ಕಾರಿ ವಕೀಲರು ಅದನ್ನೇ ಜ್ಯೂರಿಯ ಮುಂದೆ ಇಟ್ಟರು. ಅಮ್ಮನಿಗೆ ಅರ್ಥವಾಗುತ್ತಿಲ್ಲ ಅಂತ ನೀನೇ ಬರೆದಿದ್ದೀಯಲ್ಲ, ಮತ್ತೆ ಈ ಕಾಗದಗಳು ಹೇಗೆ ಅರ್ಥವಾದವು? ಇದರ ಜೊತೆಗೆ ಮನೆಯ ನರ್ಸ್‌ಗಳು ದಿನದಿನಕ್ಕೆ ಬರೆದಿಟ್ಟ ನೋಟ್ಸ್ ಇದ್ದವು. ಯಾವ ದಿನ ಹೇಗಿದ್ದರು, ಯಾರು ಬಂದರು, ಬಂದು ಹೋದ ಮೇಲೆ ಹೇಗಾದರು. ದೊಡ್ಡ ಮನುಷ್ಯರ ಸಾಕ್ಷಿ ಪತ್ರಿಕೆಗೆ ಸುದ್ದಿ. ಕೋರ್ಟಿನಲ್ಲಿ ತೂಕ ಇಂಥ ದಿನಚರಿಗೆ. ಆವತ್ತು ಬರೆಯುವಾಗ ಅವರಿಗೆ ಮುಂದೆ ಕೇಸಾಗುತ್ತದೆ ಅಂತ ಗೊತ್ತಿರುವುದಿಲ್ಲ ನೋಡಿ.

ಈಗ ಮೂರನೆಯದು. ಒಬ್ಬನೇ ಮಗ, ಅವನಿಗೇ ಬರುವ ಆಸ್ತಿ ಅನ್ನೋ ಮಾತು.

ನಮ್ಮಲ್ಲಿ ಪಿತ್ರಾರ್ಜಿತ ಅನ್ನೋದು ರಕ್ತದಲ್ಲಿ ಕೂತಿರುವುದರಿಂದ ಈ ಪ್ರಶ್ನೆ ಸಹಜವೇ. ಆದರೆ ಅದು ಬ್ರೂಕ್ ಆಸ್ಟರ್ ಅವರ ಸ್ವಂತ ಆಸ್ತಿ. ಬದುಕಿರುವವರೆಗೆ ಮಗನಿಗೆ ಅದರಲ್ಲಿ ಒಂದು ಸೆಂಟಿನ ಹಕ್ಕೂ ಇರಲಿಲ್ಲ. ಅವನ ಕೈಯಲ್ಲಿ ಇದ್ದದ್ದು ಪವರ್ ಆಫ್ ಅಟಾರ್ನಿ. ಆ ಅಧಿಕಾರ ಹಿಡಿದವನು ದೇವಸ್ಥಾನದ ಹುಂಡಿಯ ಕೀಲಿ ಇಟ್ಟುಕೊಂಡ ಪಾರುಪತ್ತೇಗಾರನ ಹಾಗೆ. ಕೀಲಿ ಅವನದು, ಕಾಸು ಅವನದಲ್ಲ.

ಟೋನಿಯನ್ನು ಕೊನೆಗೆ ಜೈಲಿಗೆ ಎಳೆದದ್ದು ಏನು ಗೊತ್ತಾ? ವಿಲ್ಲಿಗಿಂತ ಹೆಚ್ಚಾಗಿ ಸಂಬಳ. ತಾಯಿಯ ಹಣಕಾಸು ನೋಡಿಕೊಳ್ಳುವುದಕ್ಕೆ ತನಗೆ ತಾನೇ ಸಂಬಳ ಏರಿಸಿಕೊಂಡ. ಅದೂ ಹಿಂದಿನ ತಾರೀಖಿನಿಂದ, ಒಟ್ಟಿಗೆ ಸುಮಾರು 10 ಲಕ್ಷ ಡಾಲರ್. ನ್ಯೂಯಾರ್ಕಿನಲ್ಲಿ 10 ಲಕ್ಷ ಡಾಲರ್ ದಾಟಿದ ಕಳ್ಳತನ ಮೊದಲ ದರ್ಜೆಯ ಅಪರಾಧ. ಅದಕ್ಕೆ ಕನಿಷ್ಠ ಶಿಕ್ಷೆಯೇ ಒಂದರಿಂದ ಮೂರು ವರ್ಷ. ವಯಸ್ಸು 85 ಅಂತ ಜಡ್ಜ್ ಬಿಡೋಣವೆಂದರೂ ಬಿಡುವಂತಿರಲಿಲ್ಲ.

ಇದರ ಅಕ್ಕಪಕ್ಕದಲ್ಲಿ ಇನ್ನೂ ಕೆಲವು ವ್ಯವಹಾರಗಳಿದ್ದವು. ತಾಯಿಯ ಲೈಬ್ರರಿಯಲ್ಲಿ ಚೈಲ್ಡ್ ಹ್ಯಾಸಮ್ ಬಿಡಿಸಿದ ಫಿಫ್ತ್ ಅವೆನ್ಯೂ ಬಾವುಟಗಳ ಚಿತ್ರ ಇತ್ತು. ಆಕೆಗೆ ಪ್ರಾಣದಷ್ಟು ಇಷ್ಟ, ಮ್ಯೂಸಿಯಂಗೆ ಕೊಡುತ್ತೇನೆ ಅಂದಿದ್ದರು. 2002ರಲ್ಲಿ ಅದು 1 ಕೋಟಿ ಡಾಲರಿಗೆ ಮಾರಾಟವಾಯಿತು. ಮಗ 20 ಲಕ್ಷ ಕಮಿಷನ್ ತೆಗೆದುಕೊಂಡ. ದುಡ್ಡು ಕಮ್ಮಿಯಾಗುತ್ತಿದೆ ಅಂತ ಹೆದರಿಸಿ ಒಪ್ಪಿಸಿದ ಅನ್ನೋದು ಸರ್ಕಾರಿ ವಕೀಲರ ವಾದ. ಕೊಂಡವರು ಅದನ್ನೇ ಆಮೇಲೆ 2 ಕೋಟಿಗೆ ಮಾರಿದರು. ಮೇನ್ ರಾಜ್ಯದಲ್ಲಿ ಸಮುದ್ರದ ಹತ್ತಿರ ಕೋವ್ ಎಂಡ್ ಎಂಬ ಬಂಗಲೆ ಇತ್ತು. ಅದು 2003ರಲ್ಲಿ ಮಗನ ಹೆಸರಿಗೆ ಬಂತು, ಅಲ್ಲಿಂದ ಶಾರ್ಲೀನ್ ಹೆಸರಿಗೆ ಹೋಯಿತು.

ಎಂಬತ್ತರ ಹತ್ತಿರ ಬಂದ ಮನುಷ್ಯನಿಗೆ ಇದೆಲ್ಲ ಯಾಕೆ ಬೇಕಿತ್ತು? ಅವನ ಪಾಲಿಗೆ ಬರುವುದೇನು ಕಮ್ಮಿ ಇರಲಿಲ್ಲ. ಆ ವಯಸ್ಸಿನ ಅಂತರ ಇಲ್ಲಿಗೆ ಬರುತ್ತದೆ. ಬ್ರೂಕ್ ನೂರು ದಾಟಿದ್ದರು, ಮಗನಿಗೆ ಎಂಬತ್ತು, ಹೃದಯದ ತೊಂದರೆ ಬೇರೆ. ಹಳೆಯ ವಿಲ್ ಪ್ರಕಾರ ಆದಾಯ ಅವನ ಜೀವ ಇರುವವರೆಗೆ ಮಾತ್ರ. ಅವನೇ ಮೊದಲು ಹೋದರೆ ಹೆಂಡತಿಗೆ ಅತ್ತೆಯ ಕಡೆಯಿಂದ ಏನೂ ಬರುತ್ತಿರಲಿಲ್ಲ. ಶಾರ್ಲೀನ್‌ಗೆ ಒಂದು ದಾರಿ ಮಾಡಬೇಕಿತ್ತು, ಅದೇ ಇದಕ್ಕೆಲ್ಲ ಮೂಲ ಅಂತ ಸರ್ಕಾರಿ ಕಡೆಯವರು ಹೇಳಿದರು. ನನಗೂ ಅದು ಸರಿ ಅನ್ನಿಸುತ್ತದೆ. ದುರಾಸೆ ಅಂದುಬಿಡುವುದು ಸುಲಭ. ನನ್ನ ಚೇಂಬರಿಗೆ ಬರುವ ಇಂಥ ಕೇಸುಗಳಲ್ಲಿ ನಾನು ಕಾಣುವುದು ಹೆಚ್ಚಾಗಿ ಕಾದು ಕಾದು ಸೋತವರನ್ನು. ತಂದೆ ತಾಯಿ ತೊಂಬತ್ತು ದಾಟುತ್ತಾರೆ, ಮಕ್ಕಳಿಗೇ ಎಪ್ಪತ್ತಾಗಿರುತ್ತದೆ. ಇಷ್ಟು ವರ್ಷ ನೋಡಿಕೊಂಡಿದ್ದಕ್ಕೆ ನನಗೆ ಇಷ್ಟು ಬರಬೇಕಲ್ವಾ ಅಂತ ಮನಸ್ಸಿನಲ್ಲಿ ಒಂದು ಲೆಕ್ಕ ಶುರುವಾಗುತ್ತದೆ. ಆ ಲೆಕ್ಕವನ್ನು ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಕೈಯಲ್ಲಿ ಸಹಿಯ ಅಧಿಕಾರ ಇರುತ್ತದೆ. ಒಂದು ಚೆಕ್ಕು, ಆಮೇಲೆ ಇನ್ನೊಂದು.

ಜೈಲಲ್ಲೇ ಸತ್ತ ಅನ್ನೋದು ಸುಳ್ಳು. ವಿಚಾರಣೆ 2009ರಲ್ಲಿ ಐದು ತಿಂಗಳಿಗೂ ಜಾಸ್ತಿ ನಡೆಯಿತು. ಅಕ್ಟೋಬರ್ 8ರಂದು ಜ್ಯೂರಿ 16 ಆರೋಪಗಳಲ್ಲಿ 14ರಲ್ಲಿ ಅವನನ್ನು ತಪ್ಪಿತಸ್ಥ ಅಂದಿತು. ಮೊರಿಸ್ಸಿಗೂ ಶಿಕ್ಷೆಯಾಯಿತು, ವಕೀಲಿ ಸನ್ನದು ಹೋಯಿತು. ಮೇಲ್ಮನವಿ ಮುಗಿದು ಟೋನಿ ಜೈಲಿಗೆ ಹೋದದ್ದು 2013ರ ಜೂನ್‌ನಲ್ಲಿ, 89ನೇ ವಯಸ್ಸಿಗೆ. ಎರಡು ತಿಂಗಳಲ್ಲಿ ಕಾಯಿಲೆಯ ಕಾರಣಕ್ಕೆ ಪೆರೋಲ್ ಸಿಕ್ಕಿತು. 2014ರ ನವೆಂಬರ್ 30ರಂದು ಹೊರಗೇ ತೀರಿಕೊಂಡ. ಪೂರಾ ಕೈ ಬರಿದಾಯಿತು ಅನ್ನೋದೂ ನಿಜವಲ್ಲ. 2012ರ ರಾಜಿಯಲ್ಲಿ ಅವನ ಪಾಲು 3.1 ಕೋಟಿಯಿಂದ 1.45 ಕೋಟಿ ಡಾಲರಿಗೆ ಇಳಿಯಿತು. ಸುಮಾರು 10 ಕೋಟಿ ಡಾಲರ್ ದತ್ತಿಗಳಿಗೆ ಬಿಡುಗಡೆಯಾಯಿತು. ಹೋದದ್ದು ಮಕ್ಕಳ ಸಂಬಂಧ. ಅವಳಿ ಗಂಡುಮಕ್ಕಳ ಜೊತೆ ಮಾತು ನಿಂತೇಹೋಗಿತ್ತು. ಫಿಲಿಪ್ ಆಮೇಲೆ ಹಿರಿಯರ ಶೋಷಣೆಯ ವಿರುದ್ಧ ಊರೂರು ತಿರುಗಿ ಮಾತಾಡುವುದನ್ನೇ ಕೆಲಸ ಮಾಡಿಕೊಂಡ.

ಈಗ ನಿಮ್ಮ ವಿಷಯ. ಅಮ್ಮನ ಪೆನ್ಷನ್ ತೆಗೆದು ಅಮ್ಮನಿಗೇ ಖರ್ಚು ಮಾಡುವ ಮಗನನ್ನು ಯಾರೂ ಕಳ್ಳ ಅನ್ನುವುದಿಲ್ಲ, ಅದು ಮೊದಲು ತಲೆಯಲ್ಲಿರಲಿ. ಆದರೆ ನಿಮ್ಮ ಪತ್ರದಲ್ಲಿ ನನಗೆ ಯೋಚನೆ ತಂದದ್ದು ಆ ಪವರ್ ಆಫ್ ಅಟಾರ್ನಿ. ನ್ಯೂಯಾರ್ಕಿನಲ್ಲಿ ಬರೆದುಕೊಟ್ಟವರ ಬುದ್ಧಿ ಕೈಕೊಟ್ಟ ಮೇಲೂ ಅದು ಜೀವ ಹಿಡಿದಿರುವಂತೆ ಬರೆಯಬಹುದು. ನಮ್ಮಲ್ಲಿ ಹಾಗಿಲ್ಲ. 1872ರ ಕಾಂಟ್ರಾಕ್ಟ್ ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಕೊಟ್ಟವರ ಮನಸ್ಸಿನ ಸ್ಥಿಮಿತ ಹೋದ ಕೂಡಲೇ ಆ ಅಧಿಕಾರ ಮುಗಿಯಿತು. ಅಮ್ಮ ಈಗ ಯಾವ ಹಂತದಲ್ಲಿದ್ದಾರೆ ಅಂತ ನೀವು ಬರೆದಿಲ್ಲ. ಕಾಯಿಲೆ ಮೊದಲ ಹಂತದಲ್ಲಿದ್ದು, ವ್ಯವಹಾರ ಅರ್ಥವಾಗುತ್ತಿದ್ದರೆ ಒಂದು ಮಾತು. ಇಲ್ಲವಾದರೆ ನಿಮ್ಮ ಕೈಯಲ್ಲಿರುವುದು ಬರೀ ಸ್ಟಾಂಪ್ ಪೇಪರ್. ಬ್ಯಾಂಕಿನವರು ಕೇಳದೆ ನಡೆಸಿಕೊಡುತ್ತಿರಬಹುದು, ಅದರಿಂದ ಅದಕ್ಕೆ ಬಲ ಬರುವುದಿಲ್ಲ. ಆ ಕಾಗದದ ಮೇಲೆ ಮನೆ, ಸೈಟು ಮಾರುವುದು ಅಂತೂ ಬೇಡವೇ ಬೇಡ. ನಾಳೆ ತಂಗಿ ಕೋರ್ಟಿಗೆ ಹೋದರೆ ಕೊಂಡವನೂ ನಿಮ್ಮ ಜೊತೆ ಸಿಕ್ಕಿಕೊಳ್ಳುತ್ತಾನೆ.

ಜಾಯಿಂಟ್ ಖಾತೆ, ನಾಮಿನಿ ಇವು ದಿನದ ಖರ್ಚಿಗೆ ಅನುಕೂಲ. ಆದರೆ ಖಾತೆಯಲ್ಲಿ ಹೆಸರಿದೆ ಅಂತ ಹಣ ನಿಮ್ಮದಾಗುವುದಿಲ್ಲ. ನಾಮಿನಿ ಅಂದರೆ ವಾರಸುದಾರರ ಪರವಾಗಿ ಹಣ ಇಸಿದುಕೊಳ್ಳುವವನು, ಅಷ್ಟೇ.

ದೊಡ್ಡ ವ್ಯವಹಾರ ಮಾಡಲೇಬೇಕಾಗಿ ಬಂದರೆ, ಉದಾಹರಣೆಗೆ ಚಿಕಿತ್ಸೆಗೆ ಎಫ್‌ಡಿ ಮುರಿಸಬೇಕು, ಮನೆ ಮಾರಬೇಕು, ಆಗ ಹೈಕೋರ್ಟಿಗೆ ಅರ್ಜಿ ಹಾಕಿ ಗಾರ್ಡಿಯನ್ ಆಗಿ ನೇಮಿಸಿಕೊಳ್ಳುವುದು ಭದ್ರವಾದ ದಾರಿ. ಡಿಮೆನ್ಷಿಯಾ ಬಂದ ಹಿರಿಯರ ಆಸ್ತಿಗೇ ಅಂತ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಹೈಕೋರ್ಟುಗಳು ತಮ್ಮ ವಿಶೇಷ ಅಧಿಕಾರ ಬಳಸಿ ನೇಮಿಸುತ್ತವೆ. ಅದಕ್ಕೆ ಖರ್ಚಿದೆ, ಓಡಾಟವಿದೆ, ಅಮ್ಮನ ಕಾಯಿಲೆಯ ಕಾಗದಗಳೆಲ್ಲ ಕೋರ್ಟಿನ ಫೈಲಿಗೆ ಹೋಗುತ್ತವೆ, ಆಮೇಲೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ತಂಗಿಯ ಒಪ್ಪಿಗೆ ಪತ್ರ ಜೊತೆಗಿದ್ದರೆ ಕೆಲಸ ಬೇಗ ಆಗುತ್ತದೆ. ಒಪ್ಪದೆ ತಕರಾರು ಹಾಕಿದರೆ ಎಳೆಯುತ್ತದೆ.

ಟೋನಿಯ ಸಂಬಳದ ವಿಷಯ ಬಂತಲ್ಲ, ನಿಮಗೂ ಅದು ಅನ್ವಯಿಸುತ್ತದೆ. ಕೆಲಸ ಬಿಟ್ಟು ಅಮ್ಮನನ್ನು ನೋಡಿಕೊಳ್ಳುತ್ತಿದ್ದರೆ ತಿಂಗಳಿಗೆ ಇಷ್ಟು ಅಂತ ತೆಗೆದುಕೊಳ್ಳುವುದು ನಾಚಿಕೆಯ ವಿಷಯವೇನಲ್ಲ. ಆದರೆ ಮೊದಲೇ ಬರೆಯಿರಿ, ತಂಗಿಗೆ ಕಳಿಸಿ, ಇಮೇಲಿನಲ್ಲಿ ಸರಿ ಅಂತ ಉತ್ತರ ತರಿಸಿಕೊಳ್ಳಿ, ಆಮೇಲೆ ತೆಗೆದುಕೊಳ್ಳಿ. ಹಿಂದಿನ ವರ್ಷಗಳಿಗೂ ಸೇರಿಸಿ ಒಟ್ಟಿಗೆ ಮಾತ್ರ ತೆಗೆಯಬೇಡಿ. ಔಷಧದ ಬಿಲ್ಲು, ನರ್ಸಿನ ಸಂಬಳ, ಬಾಡಿಗೆ ಎಲ್ಲ ಒಂದು ಪುಸ್ತಕದಲ್ಲಿರಲಿ. ತಿಂಗಳ ಕೊನೆಗೆ ಆ ಪುಟದ ಫೋಟೊ ತಂಗಿಗೆ ಹೋಗಲಿ. ಅವಳು ಓದದಿದ್ದರೂ ಪರವಾಗಿಲ್ಲ.

ವಿಲ್ ಬಗ್ಗೆ ನೀವು ಕೇಳಿಲ್ಲ. ಕೇಳುವ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಹೆಜ್ಜೆ ಸಾಮಾನ್ಯವಾಗಿ ಅದೇ. ಅಮ್ಮ ಈಗ ವಿಲ್ ಮಾಡಬಾರದು ಅಂತ ಇಲ್ಲ. ಕಾಯಿಲೆಯ ನಡುವೆ ತಿಳಿಯಾಗಿರುವ ಹೊತ್ತಿನಲ್ಲಿ ಮಾಡಿದ ವಿಲ್ಲನ್ನು ನಮ್ಮ ಕಾಯ್ದೆಯೂ ಒಪ್ಪುತ್ತದೆ. ಆದರೆ ಮೈಸೂರು ಹೈಕೋರ್ಟಿನಿಂದ ಹೋಗಿ 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ವೆಂಕಟಾಚಲ ಅಯ್ಯಂಗಾರ್ ಕೇಸನ್ನು ವಕೀಲರು ಇವತ್ತಿಗೂ ಮೊದಲು ತೆಗೆಯುತ್ತಾರೆ. ವಿಲ್ಲಿನಿಂದ ದೊಡ್ಡ ಲಾಭ ಪಡೆಯುವವನೇ ಮುಂದೆ ನಿಂತು ಅದನ್ನು ಮಾಡಿಸಿದ್ದರೆ ಅದೇ ಅನುಮಾನಕ್ಕೆ ಕಾರಣ, ಆ ಅನುಮಾನ ತೊಡೆಯುವ ಹೊಣೆ ಅವನದೇ ಅಂತ ಅಲ್ಲಿ ಹೇಳಿದ್ದಾರೆ. ರಿಜಿಸ್ಟರ್ ಮಾಡಿಸಿದರೂ ಇದರಿಂದ ಪೂರಾ ತಪ್ಪಿಸಿಕೊಳ್ಳಲಾಗದು.

ಹಾಗಾಗಿ ನಮ್ಮಲ್ಲಿಗೆ ತಾಯಿಯನ್ನು ಕರೆದುಕೊಂಡು ಬರುವ ಮಕ್ಕಳನ್ನು ನಾನು ಮೊದಲು ಹೊರಗೆ ಕೂರಿಸುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. "ಅಮ್ಮನಿಗೆ ಸರಿಯಾಗಿ ಕೇಳಿಸಲ್ಲ ಮೇಡಂ, ನಾನೇ ಹೇಳ್ತೀನಿ" ಅನ್ನುತ್ತಾರೆ. ಬೇಡ ಅನ್ನುತ್ತೇನೆ. ಬಾಗಿಲು ಹಾಕಿ ಅವರ ಹತ್ತಿರ ಊರು, ಮದುವೆ, ಮಕ್ಕಳ ಹೆಸರು, ಮನೆ ಯಾವಾಗ ಕಟ್ಟಿದ್ದು ಅಂತ ಮಾತಾಡಿಸುತ್ತೇನೆ. ಅರ್ಧ ಗಂಟೆಯಲ್ಲಿ ಗೊತ್ತಾಗಿಬಿಡುತ್ತದೆ. ತಮ್ಮ ಆಸ್ತಿ ತಮಗೆ ಗೊತ್ತಿದ್ದು, ಯಾರಿಗೆ ಏನು ಅಂತ ತಾವಾಗಿ ಹೇಳಿದರೆ ಮುಂದುವರಿಯುತ್ತೇನೆ. ಅವತ್ತೇ ನೋಡಿದ ಡಾಕ್ಟರ ಸರ್ಟಿಫಿಕೇಟ್ ಕೇಳುತ್ತೇನೆ, ಮನೆಯವರಲ್ಲದ ಇಬ್ಬರು ಸಾಕ್ಷಿಗಳನ್ನು ಕೂರಿಸುತ್ತೇನೆ. ಇಲ್ಲವಾದರೆ ಕಾಫಿ ಕೊಟ್ಟು ಕಳಿಸುತ್ತೇನೆ. ಅಂಥ ಹೊತ್ತಲ್ಲಿ ವಿಲ್ ಇಲ್ಲದೆ ಹೋದರೂ ನಷ್ಟವಿಲ್ಲ. ನಿಮ್ಮ ತಂದೆ ಇಲ್ಲವಾದರೆ, ಹಿಂದೂ ವಾರಸಾ ಕಾಯ್ದೆಯಂತೆ ಅಮ್ಮನ ಸ್ವಂತ ಆಸ್ತಿ ನಿಮಗೂ ತಂಗಿಗೂ ಸಮಪಾಲಾಗುತ್ತದೆ.

ಈ ವಾರ ನೀವು ಮಾಡಬೇಕಾದ್ದು ಎರಡು. ಅಮ್ಮನನ್ನು ನೋಡುವ ಡಾಕ್ಟರ ಹತ್ತಿರ ಈಗಿನ ಹಂತದ ಬಗ್ಗೆ ಬರವಣಿಗೆಯಲ್ಲಿ ವರದಿ ತೆಗೆದುಕೊಳ್ಳಿ. ಎರಡು ವರ್ಷದಿಂದ ಆ ಪವರ್ ಆಫ್ ಅಟಾರ್ನಿ ತೋರಿಸಿ ಏನೇನು ಮಾಡಿದ್ದೀರಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ, ಸಣ್ಣದು ದೊಡ್ಡದು ಎಲ್ಲ. ಎರಡನ್ನೂ ತೆಗೆದುಕೊಂಡು ಮೈಸೂರಿನಲ್ಲೇ ಒಬ್ಬ ಸಿವಿಲ್ ವಕೀಲರನ್ನು ನೋಡಿ. ಅವರು ನಿಮ್ಮ ವಕೀಲರಾಗಿರಲಿ. ಅಮ್ಮನ ಯಾವುದೇ ಕಾಗದ ಬರೆಯುವ ಸಂದರ್ಭ ಬಂದರೆ ಅದಕ್ಕೆ ಬೇರೆಯವರು ಬರಲಿ.